ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಕಥೆಗಳ ತಾಣ ತೆರೆಯುತ್ತಿಲ್ಲ, ಮನೆಯ ವೈಫೈಯಲ್ಲೂ

ಡೊಂಬಿವಲಿ ಅಮ್ಮ:
ಮಗಳು ಏಳನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ಕನ್ನಡ ಓದುವುದನ್ನು ಮನೆಯಲ್ಲಿ ನಾನೇ ಕಲಿಸುತ್ತಿದ್ದೇನೆ. ಧಾರವಾಡದ ಗೆಳತಿಯೊಬ್ಬಳು ಮಕ್ಕಳ ಕಥೆಗಳಿಗೆಂದು ಚಿಕ್ಕದೊಂದು ಜಾಲತಾಣ ಮಾಡಿದ್ದಾಳೆ. ರಾತ್ರಿ ಊಟವಾದ ಮೇಲೆ ಅದರಲ್ಲಿ ಒಂದು ಕಥೆ ಓದಿಸುತ್ತೇನೆ. ಕಳೆದ ತಿಂಗಳು ಶಾಲೆಯವರು ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಅದು ತೆರೆಯುವುದೇ ಇಲ್ಲ. ಅದೇ ವೈಫೈಯಲ್ಲಿ ನನ್ನ ಮೊಬೈಲ್‌ನಲ್ಲಿ ಸಲೀಸಾಗಿ ತೆರೆಯುತ್ತದೆ. ಪಕ್ಕದ ಮನೆಯ ಹುಡುಗ ಹೇಳಿದನೆಂದು ರೌಟರ್‌ನಲ್ಲಿ ಡಿಎನ್‌ಎಸ್ (ತಾಣದ ವಿಳಾಸ ಹುಡುಕಿಕೊಡುವ ಏರ್ಪಾಡು) ಅನ್ನು ಗೂಗಲ್‌ನ 8.8.8.8 ಎಂದು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಇಂಟರ್ನೆಟ್‌ಗೆ ದುಡ್ಡು ಕಟ್ಟುವವರು ನಾವು. ಶಾಲೆ ನಮ್ಮ ಮನೆಯೊಳಗೆ ಬಂದು ತಡೆಯುವುದು ಹೇಗೆ?

ಕೊತ್ರೂಡ್ ಕನ್ನಡಿಗ:
ಅಕ್ಕ, ಪುಣೆಯ ಒಂದು ಶಾಲೆಯಲ್ಲಿ ನಾಲ್ಕು ವರ್ಷ ಹೀಗೆ ತಾಣಗಳನ್ನು ತಡೆಯುವ ಫಿಲ್ಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ತಾಣದ ಹೆಸರು ಬರೆದು ಎಂಟರ್ ಒತ್ತಿದರೆ ಯಂತ್ರ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಈ ಹೆಸರಿನ ಐಪಿ ವಿಳಾಸ, ಅಂದರೆ ಅಂಕಿಗಳಲ್ಲಿರುವ ವಿಳಾಸ, ಯಾವುದು ಎಂದು ಮೊದಲು ಒಂದು ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಏರ್ಪಾಡು ಇದು. ಯಾರನ್ನು ಕೇಳುತ್ತದೆ ಎಂಬುದರಲ್ಲೇ ನಿಮ್ಮ ಉತ್ತರವಿದೆ. ಮೊಬೈಲ್ ಸಾಮಾನ್ಯವಾಗಿ ರೌಟರ್ ತೋರಿಸಿದ ಸರ್ವರನ್ನು ಕೇಳುತ್ತದೆ. ಶಾಲೆಯ ಲ್ಯಾಪ್‌ಟಾಪ್ ರೌಟರ್‌ನ ಮಾತನ್ನು ಕಿವಿಗೇ ಹಾಕಿಕೊಳ್ಳದಿರಬಹುದು. ಒಳಗೆ ಕೂತಿರುವ ಫಿಲ್ಟರ್ ತಂತ್ರಾಂಶ ಆ ಪ್ರಶ್ನೆಯನ್ನು ಹಿಡಿದು ತನ್ನದೇ ಸರ್ವರ್‌ಗೆ ಕಳಿಸುತ್ತದೆ. ಎಚ್‌ಟಿಟಿಪಿಎಸ್ ಮೂಲಕ, ಅಂದರೆ ತಾಣಗಳು ಬಳಸುವ ಗೂಢಲಿಪಿಯ ದಾರಿಯಲ್ಲೇ, ಡಿಎನ್‌ಎಸ್ ಕೇಳುವ ಮಾನದಂಡ 2018ರಲ್ಲೇ ಬಂದಿದೆ. ಆ ದಾರಿಯಲ್ಲಿ ಹೋದರೆ ರೌಟರ್‌ಗೆ ಅದು ಡಿಎನ್‌ಎಸ್ ಪ್ರಶ್ನೆ ಎಂಬುದೂ ತಿಳಿಯುವುದಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ (ಆದೇಶ ಬರೆಯುವ ಕಿಟಕಿ) ತೆರೆಯಲು ಬಿಟ್ಟಿದ್ದರೆ ಎನ್‌ಎಸ್‌ಲುಕಪ್ (nslookup) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ತಾಣದ ಹೆಸರು ಕೊಡಿ. ಏನು ಬಂತು ಹೇಳಿ.

ಡೊಂಬಿವಲಿ ಅಮ್ಮ:
ಮೇಲೆ ಸರ್ವರ್ ಎಂಬಲ್ಲಿ 127.0.0.1. ಕೆಳಗೆ ತಾಣದ ಹೆಸರಿನ ಮುಂದೆ 0.0.0.0.

ಕೊತ್ರೂಡ್ ಕನ್ನಡಿಗ:
127.0.0.1 ಎಂದರೆ ಲ್ಯಾಪ್‌ಟಾಪ್ ತನ್ನನ್ನೇ ಕೇಳಿಕೊಂಡಿದೆ, ಅಂದರೆ ಒಳಗಿನ ಫಿಲ್ಟರನ್ನು. 0.0.0.0 ಎಂಬುದು ಎಲ್ಲಿಗೂ ಹೋಗದ ವಿಳಾಸ. ತಡೆ ಅಲ್ಲೇ ಆಗಿದೆ, ನಿಮ್ಮ ರೌಟರ್‌ನದು ಏನೂ ತಪ್ಪಿಲ್ಲ.

ಯಾಕೆ ತಡೆದರು ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಈ ಫಿಲ್ಟರ್‌ಗಳು ತಾಣಗಳನ್ನು ಜೂಜು, ಆಟ, ಶಿಕ್ಷಣ ಎಂದು ವಿಂಗಡಿಸಿ ಇಟ್ಟಿರುತ್ತವೆ. ಯಾವ ಗುಂಪಿಗೂ ಸೇರಿಸದ ತಾಣಗಳಿಗೂ ಒಂದು ಗುಂಪು ಇರುತ್ತದೆ, ಹೊಸದಾಗಿ ನೋಂದಾಯಿಸಿದ ಹೆಸರುಗಳಿಗೆ ಇನ್ನೊಂದು. ಮೋಸದ ತಾಣಗಳು ಅಲ್ಲಿ ಹೆಚ್ಚೆಂದು ಎರಡನ್ನೂ ಮುಚ್ಚಿಬಿಡುವುದುಂಟು. ನಾನೂ ಮುಚ್ಚಿದ್ದೆ. ಒಂದು ದಿನ ತಡೆದ ಹೆಸರುಗಳ ಪಟ್ಟಿ ತೆಗೆದು ನೋಡಿದರೆ ಮರಾಠಿ ಒಗಟುಗಳ ತಾಣ, ಕೊಂಕಣಿ ನಿಘಂಟು, ಒಬ್ಬ ಕನ್ನಡ ಮೇಷ್ಟರ ವ್ಯಾಕರಣ ಪಾಠ. ನಮ್ಮ ಭಾಷೆಗಳ ಸಣ್ಣ ತಾಣಗಳನ್ನು ಯಾರೂ ಓದಿ ವಿಂಗಡಿಸಿರಲಿಲ್ಲ, ಅಷ್ಟೇ. ಅಂದೇ ಅವನ್ನೆಲ್ಲ ತೆರೆಸಿದೆ.

ತಡೆಯನ್ನು ದಾಟಲು ಹೋಗಬೇಡಿ, ಮಗಳ ಮೇಲೆ ದೂರು ಬರುತ್ತದೆ. ತಾಣದ ಹೆಸರು, ಎರಡು ಕಥೆಗಳ ಕೊಂಡಿ ಹಾಕಿ ಶಾಲೆಗೆ ಬರೆಯಿರಿ.

ಮಡಗಾಂವ್ ಮೇಷ್ಟ್ರು:
ಅವರು ಅನುಮತಿ ಕೊಟ್ಟ ಮೇಲೂ ಹಳೆಯ ಉತ್ತರ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್‌ನ ನೆನಪಿನಲ್ಲಿ ಉಳಿದಿರಬಹುದು, ಒಮ್ಮೆ ಆಫ್ ಮಾಡಿ ಮತ್ತೆ ಆನ್ ಮಾಡಿ. ಇನ್ನೊಂದು ಮಾತು. ಡಿಎನ್‌ಎಸ್‌ನಿಂದ ಶಾಲೆಗೆ ತಿಳಿಯುವುದು ತಾಣದ ಹೆಸರು ಮಾತ್ರ, ಯಾವ ಪುಟ ಎಂದಲ್ಲ. ಆದರೆ ಶಾಲೆ ತನ್ನ ರೂಟ್ ಪ್ರಮಾಣಪತ್ರವನ್ನೂ (ಯಾವ ತಾಣ ಅಸಲಿ ಎಂದು ಲ್ಯಾಪ್‌ಟಾಪ್ ನಂಬಲು ಆಧಾರವಾಗುವ ಗುರುತುಪತ್ರ) ಲ್ಯಾಪ್‌ಟಾಪ್‌ನಲ್ಲಿ ಹಾಕಿದ್ದರೆ ಪುಟದ ಒಳಗಿನದನ್ನೂ ಬಿಚ್ಚಿ ನೋಡಬಹುದು. ಬ್ರೌಸರ್‌ನಲ್ಲಿ ತಾಣದ ಹೆಸರಿನ ಪಕ್ಕದ ಗುರುತನ್ನು ಒತ್ತಿ, ಪ್ರಮಾಣಪತ್ರ ಕೊಟ್ಟವರು ಯಾರೆಂದು ನೋಡಿ.

ಡೊಂಬಿವಲಿ ಅಮ್ಮ:
ಸೋಮವಾರ ಬರೆದೆ, ಗುರುವಾರ ತೆರೆಯಿತು. ಮೇಷ್ಟ್ರು ಹೇಳಿದಂತೆ ಆಫ್ ಮಾಡಿ ಆನ್ ಮಾಡಬೇಕಾಯಿತು. ಪ್ರಮಾಣಪತ್ರವನ್ನೂ ನೋಡಿದೆ: ನಮ್ಮ ಬ್ಯಾಂಕಿನ ತಾಣಕ್ಕೆ ಕೊಟ್ಟವರ ಜಾಗದಲ್ಲಿ ಫಿಲ್ಟರ್ ಕಂಪನಿಯ ಹೆಸರಿದೆ, ಅಂದರೆ ಪುಟದ ಒಳಗಿನದನ್ನೂ ಬಿಚ್ಚಿ ನೋಡಬಹುದು. ಲೈಟ್ ಬಿಲ್ ಕಟ್ಟುವುದನ್ನು ನನ್ನ ಮೊಬೈಲ್‌ಗೇ ಬದಲಾಯಿಸಿದ್ದೇನೆ, ಬ್ಯಾಂಕಿನ ಪಾಸ್‌ವರ್ಡ್ ಕೂಡ ಹೊಸದು ಹಾಕಿದ್ದೇನೆ.