ಅಪ್‌ಡೇಟ್: ಭಾನುವಾರದ ಪೂಜೆಯೂ ತಪ್ಪಲಿಲ್ಲ, ನೊಣಗಳ ಕ್ರಾಸೂ (ತಳಿ ಸಂಕರಣ) ಹಾಳಾಗಲಿಲ್ಲ

ಎಂ.ಎಸ್ಸಿ. ಹಣ್ಣುನೊಣದ ಪ್ರಯೋಗ, ಸಂಜೆ ಕೆಲಸ, ಓಟ, ಮಡಿಕೇರಿಯ ಸಂತ ಮೈಕಲರ ಚರ್ಚ್‌ನ ಭಾನುವಾರದ ಬಲಿಪೂಜೆ, ಇಷ್ಟನ್ನೂ ಹೇಗೆ ಹೊಂದಿಸೋದು ಅಂತ ಕೇಳಿದ್ದೆನಲ್ಲ, ದಾರಿ ಸಿಕ್ಕಿತು.

ಕೈಹಿಡಿದಿದ್ದು "ಬಾಟಲಿ ತಂಪಿಗಿಡಿ" ಅನ್ನೋ ಸಲಹೆ. ಕ್ರಾಸ್‌ಗೆ ವರ್ಜಿನ್, ಅಂದ್ರೆ ಇನ್ನೂ ಗಂಡಿನ ಜೊತೆ ಕೂಡದ, ಹೆಣ್ಣು ನೊಣಗಳೇ ಬೇಕು. 25 ಡಿಗ್ರಿಯಲ್ಲಿ ಅವು ಹೊರಬಂದ 8 ಗಂಟೆಯೊಳಗೆ ಬೇರ್ಪಡಿಸಲೇಬೇಕು. 18 ಡಿಗ್ರಿಯಲ್ಲಿ ಸುಮಾರು 16 ಗಂಟೆ ಸಿಗುತ್ತೆ. ಶನಿವಾರ ರಾತ್ರಿ 8ಕ್ಕೆ ಹೊರಬಂದ ನೊಣಗಳನ್ನೆಲ್ಲ ಖಾಲಿ ಮಾಡಿ, ಬಾಟಲಿ 18ಕ್ಕಿಟ್ಟರೆ, ಪೂಜೆ ಮುಗಿಸಿ ಮಧ್ಯಾಹ್ನ 12ರೊಳಗೆ ಆರಿಸಬಹುದು. ಒಂದೂ ಹಳೇ ನೊಣ ಉಳಿಯಬಾರದು, ಉಳಿದರೆ ಕ್ರಾಸ್ ಕೆಟ್ಟಂತೆ.

ಗೊತ್ತಿರಲಿಲ್ಲ: ಮೊಟ್ಟೆಯಿಂದಲೇ 18ರಲ್ಲಿಟ್ಟರೆ 25ರಲ್ಲಿ 10 ದಿನ ಹಿಡಿಯೋ ಬೆಳವಣಿಗೆಯ ಅವಧಿ ಹೆಚ್ಚುಕಮ್ಮಿ ಇಮ್ಮಡಿಯಾಗುತ್ತೆ. ಹಾಗಾಗಿ ಕಪ್ಪಾದ ಪ್ಯೂಪಾಗಳಿರುವ (ನೊಣವಾಗಿ ಹೊರಬರುವ ಮುಂಚಿನ ಕೋಶದ ಹಂತ) ಬಾಟಲಿ ಮಾತ್ರ ತಂಪಿಗೆ. ನಮ್ಮೂರ ಚಳಿ ಸಾಕು ಅಂದುಕೊಳ್ಳಬೇಡಿ, ಅದು ಏರಿಳಿಯುತ್ತೆ, ಒಂದೇ ತಾಪಮಾನ ಕಾಯುವ ಪೆಟ್ಟಿಗೆ, ಅಂದ್ರೆ ಇನ್‌ಕ್ಯುಬೇಟರೇ ಬೇಕು.

ನಸುಕಿನ ಓಟ ಮಳೆಯಲ್ಲಿ ನಡೆಯಲಿಲ್ಲ. ಊಟಕ್ಕೆ ಮುಂಚೆ 20 ನಿಮಿಷ ಮೆಟ್ಟಿಲು ಹತ್ತೋದು ನಡೀತಿದೆ.