ಕಾಂಡ್ಲಾ ಕಾಡಿಗೆ ಮೈಸೂರಿನಿಂದ 40 ಜನ: ದೋಣಿ, ಗಿಡ ನೆಡೋದು, ದುಡ್ಡಿನ ಲೆಕ್ಕ

ನಂಜನಗೂಡುರಸ್ತೆ: ಮೈಸೂರಿನ ಕಾಲೇಜೊಂದರ ನಿಸರ್ಗ ಕ್ಲಬ್‌ನಿಂದ ಡಿಸೆಂಬರ್‌ನಲ್ಲಿ 40 ವಿದ್ಯಾರ್ಥಿಗಳನ್ನು ಹೊನ್ನಾವರದ ಶರಾವತಿ ಅಳಿವೆಯ (ನದಿ ಸಮುದ್ರ ಸೇರೋ ಜಾಗ) ಕಾಂಡ್ಲಾ ಕಾಡಿಗೆ, ಅಂದರೆ ಮ್ಯಾಂಗ್ರೋವ್‌ ಕಾಡಿಗೆ, ಕರೆದೊಯ್ಯಬೇಕು. ರೆಸಾರ್ಟ್ ಬೇಡ. ಊರಿನವರದೇ ದೋಣಿ, ಊರಿನವರದೇ ಅಡುಗೆ. ಬೆಳಿಗ್ಗೆ 10ಕ್ಕೆ ತಲುಪಿ ಸಂಜೆ ಹೊರಡುವ ಲೆಕ್ಕ. ಜೊತೆಗೆ 500 ಕಾಂಡ್ಲಾ ಸಸಿ ನೆಡಿಸೋಣ ಅಂತ ಆಡಳಿತದವರ ಒತ್ತಾಯ. ಆಗುತ್ತಾ? ದುಡ್ಡು ಊರಿಗೇ ತಲುಪೋ ಹಾಗೆ ಹೇಗೆ ಮಾಡೋದು?

ಅಳಿವೆಬಾಗಿಲು: ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಿ, ಆಮೇಲೆ ಬಸ್ ಬುಕ್ ಮಾಡಿ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ಹಾಗಾಗಿ ಈ ವಾರ ಸರಿಹೋದ ಸಮಯ ಮುಂದಿನ ವಾರಕ್ಕೆ ತಲೆಕೆಳಗು. ಬೆಳಿಗ್ಗೆ 11ರ ಸುಮಾರಿಗೆ ಉಬ್ಬರ ತುಂಬುವ ದಿನ ಆರಿಸಿಕೊಳ್ಳಿ.

ದೋಣಿ ಸಣ್ಣ ಕವಲಿಗೆ ನುಗ್ಗಬೇಕಾದ್ದು ನೀರು ಏರುತ್ತಿರುವಾಗಲೇ. ಆಗ ಕೆಸರಿಗೆ ತಗುಲಿದರೂ ಹತ್ತಿಪ್ಪತ್ತು ನಿಮಿಷದಲ್ಲಿ ನೀರೇ ಎತ್ತುತ್ತೆ. ಇಳಿಯುವಾಗ ಸಿಕ್ಕಿಕೊಂಡರೆ ಮುಂದಿನ ಏರಿಕೆವರೆಗೆ ಅಲ್ಲೇ ಕೂರಬೇಕು, ಬಿಸಿಲಲ್ಲಿ. ಮರದ ಹಲಗೆಯ ಕಾಲುದಾರಿ ಮಾತ್ರ ನೀರು ಇಳಿದ ಮೇಲೆ, ಮಧ್ಯಾಹ್ನ 3ರ ನಂತರ ಇಟ್ಟುಕೊಳ್ಳಿ. ಬಿಳಲುಬೇರು, ಕೆಸರಿಂದ ಮೇಲೆದ್ದ ಉಸಿರುಬೇರು, ಏಡಿಬಿಲ ಎಲ್ಲ ಕಾಣೋದು ಆಗಲೇ. ತುಂಬಿದ ನೀರಲ್ಲಿ ಕಾಣೋದು ಬರೀ ಎಲೆ.

40 ಜನಕ್ಕೆ ಒಂದೇ ಸಲ ಆರು ದೋಣಿ ಬಿಡಬೇಡಿ. ಏಳು ಜನದ ಮೂರು ದೋಣಿ, 45 ನಿಮಿಷದ ಎರಡು ಸುತ್ತು, ಮೊದಲನೆಯದು 9.30ಕ್ಕೆ. ಅಂದರೆ 10ಕ್ಕೆ ತಲುಪಿದರೆ ತಡ. ಹುಟ್ಟು ಹಾಕೋ ದೋಣಿಯನ್ನೇ ಕೇಳಿ; ಇಂಜಿನ್ ದೋಣಿಯ ಅಲೆಗೆ ಕವಲಿನ ದಡ ಕುಸಿಯುತ್ತೆ, ಎಳೆ ಸಸಿ ಬೇರು ಕಳಚುತ್ತೆ. ಲೈಫ್ ಜಾಕೆಟ್ 21 ಇವೆಯಾ ಅಂತ ಎಣಿಸಿದ ಮೇಲೇ ಮುಂಗಡ ಕೊಡಿ.

ಕೆಸರುಗದ್ದೆ: ಸಸಿ ವಿಚಾರ ಕೈಬಿಡಿ. ಉದ್ದ ಕೋಡಿನ ಕಾಂಡ್ಲಾ ಬೀಜ ಮರದಲ್ಲೇ ಮೊಳೆತು ಬಲಿತು ಬೀಳೋದು ಮಳೆಗಾಲದಲ್ಲಿ. ಡಿಸೆಂಬರ್‌ನಲ್ಲಿ ಕೋಡು ಹುಡುಕಿದರೆ ಎಳೆಯದನ್ನೇ ಕಿತ್ತು ತರ್ತಾರೆ. ಬಲಿತದ್ದಕ್ಕೆ ತಲೆಯ ಕೆಳಗೆ ಹಳದಿ ಪಟ್ಟಿ ಮೂಡಿರುತ್ತೆ, ಟೋಪಿಯಂತಿರೋ ಕಾಯಿ ತಾನಾಗಿ ಕಳಚುತ್ತೆ. ಎಳೆದು ಕಿತ್ತರೆ ಕುಡಿ ಮುರಿಯುತ್ತೆ. ಮೊನಚು ತುದಿ ಕೆಳಗೆ ಮಾಡಿ ಮೂರನೇ ಒಂದು ಭಾಗ ಕೆಸರಿಗೆ ಇಳಿಸಬೇಕು. ಫೋಟೊ ಗಡಿಬಿಡಿಯಲ್ಲಿ ತಲೆಕೆಳಗಾಗಿ ನೆಟ್ಟದ್ದೂ ಉಂಟು.

ಅದಕ್ಕಿಂತ ದೊಡ್ಡ ತೊಂದರೆ ಜಾಗದ್ದು. ಬಸ್ಸಿಂದ ಇಳಿದವರಿಗೆ ಖಾಲಿ ಕಾಣೋದು ಇಳಿತದಲ್ಲಿ ತೆರೆದುಕೊಳ್ಳೋ ತಗ್ಗಿನ ಕೆಸರುಬಯಲು. ಅಲ್ಲಿ ದಿನದ ಹೆಚ್ಚು ಹೊತ್ತು ನೀರೇ ನಿಂತಿರುತ್ತೆ. ಸಸಿಗೆ ಉಸಿರಿಲ್ಲ, ಕಾಂಡದ ತುಂಬ ಬಾರ್ನಕಲ್ ಅನ್ನೋ ಚಿಪ್ಪುಜೀವಿ ಕೂತು ಭಾರಕ್ಕೆ ಬಾಗುತ್ತೆ, ಮೇಲೆ ಪ್ಲಾಸ್ಟಿಕ್ ಸುತ್ತಿಕೊಳ್ಳುತ್ತೆ. ಇಂಥ ಬಯಲಲ್ಲೇ ಹೆಂಗಸರು ಬಳಚು (ತಿನ್ನೋ ಚಿಪ್ಪುಜೀವಿ) ಆರಿಸೋದು. ಪಕ್ಕದ ಅಘನಾಶಿನಿ ಅಳಿವೆಯಲ್ಲಂತೂ (2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು) ಎಷ್ಟೋ ಮನೆಗಳ ಒಲೆ ಉರಿಯೋದು ಬಳಚಿನಿಂದ.

ಕಾಡು ನಿಜವಾಗಿ ಹಾಳಾದ ಕಡೆ ಕೆಲಸ ನೀರಿನದು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಬಸಿಗಾಲುವೆ ಮುಚ್ಚಿದ ಗದ್ದೆ ಚೌಳಾಗುತ್ತಲ್ಲ, ಹಾಗೇ ತಮಿಳುನಾಡಿನ ಪಿಚ್ಚಾವರಂನಲ್ಲಿ ಮರ ಕಡಿದ ಜಾಗ ಕುಸಿದು, ನೀರು ನಿಂತು, ಉಪ್ಪು ಏರಿತ್ತು. ಮೀನಿನ ಮುಳ್ಳಿನ ಆಕಾರಕ್ಕೆ ಕಾಲುವೆ ತೋಡಿ ಉಬ್ಬರದ ನೀರು ಬಂದುಹೋಗೋ ಹಾಗೆ ಮಾಡಿದ ಮೇಲೇ ಗಿಡ ನಿಂತವು. ಒಂದು ದಿನದ ಟೂರಲ್ಲಿ ಆಗೋ ಮಾತಲ್ಲ. ಅದೂ ಅಲ್ಲದೆ ಕಾಂಡ್ಲಾ ಪ್ರದೇಶ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) 1ಎ ಅಡಿ ಬರುತ್ತೆ, ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕೋ ಹಾಗಿಲ್ಲ. ಏನಾದರೂ ಮಾಡಿಸಲೇಬೇಕಾ? ಬೇರಿಗೆ ಸಿಕ್ಕ ಬಲೆ ತುಂಡು, ಪ್ಲಾಸ್ಟಿಕ್ ಬಿಡಿಸಲಿ. ಕತ್ತರಿ ಕೊಡಿ, ಎಳೆದರೆ ತೊಗಟೆ ಸಮೇತ ಬರುತ್ತೆ.

ಮದ್ದೂರಿನವ: ದುಡ್ಡಿನ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಪಾಠ ಐತೆ. ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಗೂಡು ಕಟ್ಟೋದು ಜನರ ಸ್ವಂತ ಹುಣಸೆಮರದಲ್ಲಿ. ಹಿಕ್ಕೆ ಬಿದ್ದು ಫಸಲು ಹಾಳಾಗೋದು ಮರದ ಯಜಮಾನಂದು, ಅದಕ್ಕೇ ಪರಿಹಾರ ಅವನಿಗೆ. ನೋಡಾಕೆ ಬಂದವರ ಕಾಸು ಟೀ ಅಂಗಡಿಗೆ ಹೋಗಿ, ಮರದವನಿಗೆ ಏನೂ ಸಿಗದಿದ್ದರೆ ಮರ ಉಳಿಯಾಕಿಲ್ಲ. ಹೊನ್ನಾವರದಲ್ಲೂ ಮೊದಲು ಕೇಳಬೇಕಾದ್ದು, ಕಾಡು ಉಳಿದದ್ದಕ್ಕೆ ಯಾರ ಕೈ ಕಟ್ಟಿದೆ ಅಂತ. ಸೌದೆ ಬಿಟ್ಟವರು, ಬಳಚು ಆರಿಸೋರು, ಬಲೆ ಹಾಕೋರು. ಹುಟ್ಟು ಹಾಕೋದೂ ಅಡುಗೆಯೂ ಅವರ ಮನೆಯವರಿಗೇ ಸಿಗಲಿ.

ರೇಟು ತಲೆಗೆ ಇಷ್ಟು ಅಂತ ಬೇಡ, ಬಿಡಿಸಿ ಬರೆಸಿಕೊಳ್ಳಿ: ಹುಟ್ಟು ಹಾಕುವವರ ಕೂಲಿ, ದೋಣಿ ರಿಪೇರಿಗೆ ಒಂದು ಪಾಲು, ಊಟ, ಊರಿನವರ ಸಂಘದ ನಿಧಿ. ಹಣ ಸಂಘದ ಬ್ಯಾಂಕ್ ಖಾತೆಗೇ ಹೋಗಲಿ. ಏಜೆಂಟ್ ‘ನಾನೇ ಎಲ್ಲ ನೋಡ್ಕೋತೀನಿ’ ಅಂದರೆ ಆ ಪಟ್ಟಿ ಅವನ ಕೈಲೇ ಬರೆಸಿ, ಗೊತ್ತಾಗುತ್ತೆ. ಮಹಾರಾಷ್ಟ್ರದ ವೆಂಗುರ್ಲೆಯಲ್ಲಿ ‘ಸ್ವಾಮಿನಿ’ ಅನ್ನೋ ಮಹಿಳಾ ಸ್ವಸಹಾಯ ಗುಂಪು ತಾನೇ ಹುಟ್ಟು ಹಾಕಿ ಕಾಂಡ್ಲಾ ಸಫಾರಿ ನಡೆಸ್ತದೆ, ಮಧ್ಯದವರ ಹಂಗೇ ಇಲ್ಲ.

ನಂಜನಗೂಡುರಸ್ತೆ: ಸಸಿ ಕೈಬಿಟ್ಟೆ, ಹಿಂದಿನ ರಾತ್ರಿ ಅಲ್ಲೇ ತಂಗೋದು ಅಂತಾಯ್ತು. ಕಾಲಿಗೆ ಏನು ಹಾಕಿಸಲಿ?

ಅಳಿವೆಬಾಗಿಲು: ಲೇಸ್ ಇರೋ ಹಳೇ ಕ್ಯಾನ್ವಾಸ್ ಶೂ. ಚಪ್ಪಲಿಯನ್ನ ಕೆಸರು ಕಿತ್ಕೊಳ್ಳುತ್ತೆ, ಬರಿಗಾಲಿಗೆ ಸಿಂಪಿ ಚಿಪ್ಪು ಕೊಯ್ಯುತ್ತೆ. ಗಂಬೂಟ್ ಬೇಡವೇ ಬೇಡ, ಒಳಗೆ ಕೆಸರು ತುಂಬಿದರೆ ಕಾಲು ಎತ್ತೋಕಾಗಲ್ಲ. ಉಸಿರುಬೇರಿನ ಮೇಲೆ ಯಾರನ್ನೂ ನಡೆಯೋಕೆ ಬಿಡಬೇಡಿ.