ಕ್ರಿಸ್ಟಿಯಾನಿಯಾದಲ್ಲಿ ಹತ್ತಿದ ಹಡಗು ನ್ಯೂಯಾರ್ಕ್ ಲಿಸ್ಟ್‌ನಲ್ಲಿ ಯಾಕೆ ಸಿಗ್ತಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮಿನ್ನೆಸೋಟದಿಂದ ಬರೀತಿದ್ದೇನೆ. ಮಕ್ಕಳಿಗಾಗಿ ಎರಡೂ ಕಡೆಯ ವಂಶಾವಳಿ ಬರೆದಿಡುತ್ತಿದ್ದೇವೆ. ಹೆಂಡತಿಯ ಮುತ್ತಜ್ಜ ನಾರ್ವೆಯ ಗುಡ್‌ಬ್ರಾನ್ಸ್‌ಡಾಲೆನ್ ಕಣಿವೆಯ ರಿಂಗೆಬು ಊರಿನವರು. 1900ರ ಅಮೆರಿಕದ ಜನಗಣತಿಯಲ್ಲಿ ಅವರು ಬಂದ ವರ್ಷ 1882 ಅಂತಿದೆ. ನಾರ್ವೆಯ ರಾಷ್ಟ್ರೀಯ ಪತ್ರಾಗಾರದ ಡಿಜಿಟಲ್‌ಆರ್ಕಿವೆಟ್ ತಾಣದಲ್ಲಿ, ಕ್ರಿಸ್ಟಿಯಾನಿಯಾ (ಈಗಿನ ಓಸ್ಲೊ) ಪೊಲೀಸರ ವಲಸೆ ಪುಸ್ತಕದಲ್ಲಿ ಮೇ 1882ರ ಒಂದು ಸಾಲು ಸಿಕ್ಕಿದೆ. ವಯಸ್ಸು 24, ಊರು ರಿಂಗೆಬು, ಹಡಗು 'ಆಂಜೆಲೊ'. ಆದರೆ ನ್ಯೂಯಾರ್ಕಿನ ಪ್ಯಾಸೆಂಜರ್ ಲಿಸ್ಟ್‌ಗಳಲ್ಲಿ ಆ ತಿಂಗಳು ಆಂಜೆಲೊ ಅನ್ನೋ ಹಡಗೇ ಇಲ್ಲ. ಎಲ್ಲಿಸ್ ಐಲೆಂಡ್ ತಾಣದಲ್ಲೂ ಸಿಗಲಿಲ್ಲ. ಹಡಗಿನ ಹೆಸರೇ ತಪ್ಪಾಗಿದೆಯಾ? ಇದೇ ವ್ಯಕ್ತಿ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಉತ್ತರ 1

ಹೆಸರು ಸರಿಯಾಗೇ ಇದೆ ಸರ್. ಆದರೆ ಆಂಜೆಲೊ ಅಟ್ಲಾಂಟಿಕ್ ದಾಟುವ ಹಡಗಲ್ಲ. ಅದು ವಿಲ್ಸನ್ ಲೈನ್ ಅನ್ನೋ ಹಡಗು ಕಂಪನಿಯದ್ದು, ಕ್ರಿಸ್ಟಿಯಾನಿಯಾದಿಂದ ಇಂಗ್ಲೆಂಡಿನ ಹಲ್ ಬಂದರಿಗೆ ಓಡಾಡುತ್ತಿತ್ತು. ಪೊಲೀಸರು ತಮ್ಮ ಬಂದರಿನಿಂದ ಹೊರಟ ಹಡಗಿನ ಹೆಸರು ಬರೆದುಕೊಂಡಿದ್ದಾರೆ, ಅಷ್ಟೆ. ಈ ವಿಷಯದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಆಗಿನ ಪ್ರಯಾಣವನ್ನು ತುಂಡು ತುಂಡಾಗಿ ನೋಡಬೇಕು. ರಿಂಗೆಬುವಿನಿಂದ ಲಿಲ್ಲೆಹ್ಯಾಮರ್‌ವರೆಗೆ ಗಾಡಿ, ಯಾಕೆಂದರೆ ಅಲ್ಲಿಗೆ ರೈಲು ಬಂದದ್ದೇ 1894ರಲ್ಲಿ. ಅಲ್ಲಿಂದ ಮ್ಯೋಸಾ ಸರೋವರದ ಮೇಲೆ ಸ್ಟೀಮರ್, ಆಮೇಲೆ ಕ್ರಿಸ್ಟಿಯಾನಿಯಾಕ್ಕೆ ರೈಲು. ಉತ್ತರ ಸಮುದ್ರ ದಾಟಿ ಹಲ್ ಮುಟ್ಟಲು ಎರಡು ಮೂರು ದಿನ. ಹಲ್‌ನಿಂದ ಲೀಡ್ಸ್ ಮಾರ್ಗವಾಗಿ ರೈಲಿನಲ್ಲಿ ಲಿವರ್‌ಪೂಲ್. ಅಲ್ಲಿ ಒಂದೆರಡು ದಿನ ಕಾದು ದೊಡ್ಡ ಹಡಗು. ಅಟ್ಲಾಂಟಿಕ್ ದಾಟಲು ಸ್ಟೀಮರ್‌ಗೆ ಸುಮಾರು 8ರಿಂದ 12 ದಿನ. ಆದ್ದರಿಂದ ಪುಸ್ತಕದ ತಾರೀಖಿಗೆ ಎರಡರಿಂದ ಮೂರೂವರೆ ವಾರ ಕೂಡಿಸಿ, ಆ ಅವಧಿಯಲ್ಲಿ ಅಮೆರಿಕ ಮುಟ್ಟಿದ ಲಿವರ್‌ಪೂಲ್ ಹಡಗುಗಳನ್ನು ಮಾತ್ರ ಪಟ್ಟಿ ಮಾಡಿ. ನಾರ್ವೆ ಹೆರಿಟೇಜ್ ತಾಣದಲ್ಲಿ ಕಂಪನಿವಾರು ಹಡಗುಗಳ ಓಡಾಟದ ವಿವರ ಸಿಗುತ್ತದೆ.

ಕಂಪನಿ ತಿಳಿದರೆ ಕೆಲಸ ಅರ್ಧ ಮುಗಿದ ಹಾಗೆ. ಹುಡುಕಾಟದ ಫಲಿತಾಂಶದ ಪುಟದಲ್ಲಿ ಎಲ್ಲ ಕಾಲಂಗಳೂ ಕಾಣುವುದಿಲ್ಲ. ಆ ಸಾಲನ್ನು ತೆರೆದು, ಸ್ಕ್ಯಾನ್ ಆದ ಮೂಲ ಪುಟಕ್ಕೆ ಹೋಗಿ. ಏಜೆಂಟ್ ಅಥವಾ ಲೈನ್ ಹೆಸರು, ಟಿಕೆಟ್‌ಗೆ ಕೊಟ್ಟ ಹಣ, ಹೋಗುವ ಊರು ಇದೆಯಾ ನೋಡಿ. ಕೊಟ್ಟ ಹಣದ ಕಾಲಂ ಖಾಲಿ ಇದ್ದರೆ, ಅಮೆರಿಕದಲ್ಲಿದ್ದ ಅಣ್ಣನೋ ಮಾವನೋ ಮೊದಲೇ ಟಿಕೆಟ್ ಕಟ್ಟಿ ಕಳಿಸಿದ್ದಿರಬಹುದು. ಹಾಗಿದ್ದರೆ ಆ ಸಂಬಂಧಿಕರ ಜಾಡು ಹಿಡಿಯುವುದೇ ಸುಲಭ.

ಎಲ್ಲಿಸ್ ಐಲೆಂಡ್ ಬಿಟ್ಟುಬಿಡಿ. ಆ ವಲಸೆ ಕೇಂದ್ರ ತೆರೆದದ್ದು 1 ಜನವರಿ 1892ರಂದು. 1855ರಿಂದ 1890ರವರೆಗೆ ನ್ಯೂಯಾರ್ಕಿನಲ್ಲಿ ಜನ ಇಳಿದದ್ದು ಕ್ಯಾಸಲ್ ಗಾರ್ಡನ್‌ನಲ್ಲಿ. ಆ ಕಾಲದ ಕಸ್ಟಮ್ಸ್ ಪ್ಯಾಸೆಂಜರ್ ಲಿಸ್ಟ್‌ಗಳನ್ನು ಫ್ಯಾಮಿಲಿಸರ್ಚ್ ಅನ್ನೋ ವಂಶಾವಳಿ ತಾಣದಲ್ಲಿ ಉಚಿತವಾಗಿ ನೋಡಬಹುದು.

ಉತ್ತರ 2

ಹೆಸರಿನ ಬಗ್ಗೆ ನಾನು ಹೇಳ್ತೀನಿ. ಇದು ನಮ್ಮವರಿಗೆ ಬೇಗ ಅರ್ಥವಾಗುತ್ತೆ, ಯಾಕಂದ್ರೆ ನಮ್ಮಲ್ಲೂ ಊರಿನ ಹೆಸರು, ಅಪ್ಪನ ಹೆಸರು ಸೇರಿ ಇನಿಷಿಯಲ್ ಆಗುತ್ತಲ್ಲ, ಅದೇ ಥರ. ಲಾರ್ಸ್‌ನ ಮಗ ಓಲೆ ಆದರೆ ಓಲೆ ಲಾರ್ಸನ್. ಅವನು ಬಾಕೆನ್ ಅನ್ನೋ ಜಮೀನಿನಲ್ಲಿ ವಾಸವಿದ್ದರೆ ಓಲೆ ಲಾರ್ಸನ್ ಬಾಕೆನ್. ಜಮೀನು ಬಿಟ್ಟು ಇನ್ನೊಂದಕ್ಕೆ ಹೋದರೆ ಕೊನೆಯ ಹೆಸರೂ ಬದಲು. ಅದು ಮನೆತನದ ಹೆಸರಲ್ಲ, ವಿಳಾಸ ಅಂದುಕೊಳ್ಳಿ. ಅಮೆರಿಕಕ್ಕೆ ಬಂದ ಮೇಲೆ ಕೆಲವರು ಲಾರ್ಸನ್ ಉಳಿಸಿಕೊಂಡರು, ಕೆಲವರು ಬಾಕೆನ್ ಇಟ್ಟುಕೊಂಡರು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಹೆಸರಿನಲ್ಲಿ ಸಿಗುವುದೂ ಉಂಟು.

ಹಾಗಾಗಿ ಪೂರ್ತಿ ಹೆಸರು ಹಾಕಿ ಹುಡುಕಬೇಡಿ. ಮೊದಲ ಹೆಸರು, ಹುಟ್ಟಿದ ವರ್ಷದಿಂದ ಎರಡು ವರ್ಷ ಆಚೀಚೆ, ಊರು, ಇಷ್ಟು ಸಾಕು. ಕಾಗುಣಿತ ಅನುಮಾನ ಇದ್ದಲ್ಲಿ ನಕ್ಷತ್ರ ಚಿಹ್ನೆ ಹಾಕಿ. ನಾರ್ವೇಜಿಯನ್ ವರ್ಣಮಾಲೆಯ ಕೊನೆಯ ಮೂರು ಅಕ್ಷರಗಳು (æ, ø, å) ಇಂಗ್ಲಿಷ್ ಇಂಡೆಕ್ಸ್‌ನಲ್ಲಿ ಬರೀ ಎ, ಓ ಆಗಿಬಿಟ್ಟಿರುತ್ತವೆ, ಅದೂ ನೆನಪಿರಲಿ.

ಇವರೇ ಅವರು ಅಂತ ಖಾತ್ರಿ ಮಾಡಿಕೊಳ್ಳಲು ಮೂರು ದಾಖಲೆ ಒಂದಕ್ಕೊಂದು ಹೊಂದಬೇಕು. ಮೊದಲನೆಯದು 1875ರ ನಾರ್ವೆ ಜನಗಣತಿ. ಅದರಲ್ಲಿ 24 ವರ್ಷದವರು ಹದಿನೇಳರ ಹುಡುಗನಾಗಿ ಯಾವ ಜಮೀನಿನಲ್ಲಿದ್ದರು, ಅಪ್ಪ ಅಮ್ಮ ಯಾರು ಅಂತ ನೋಡಿ. ಎರಡನೆಯದು ರಿಂಗೆಬು ಚರ್ಚಿನ ಪುಸ್ತಕದ 'ಉತ್‌ಫ್ಲಿಟ್ಟೆದೆ' ಭಾಗ, ಅಂದರೆ ಊರು ಬಿಟ್ಟು ಹೋದವರ ಪಟ್ಟಿ. ಪಾದ್ರಿಯಿಂದ ಪ್ರಮಾಣಪತ್ರ ತೆಗೆದುಕೊಂಡ ದಿನ, ಹುಟ್ಟಿದ ದಿನ, 'ಅಮೆರಿಕ' ಅನ್ನೋ ಮಾತು ಅಲ್ಲಿರುತ್ತೆ. ಆ ದಿನ ಹಡಗು ಹತ್ತಿದ ದಿನಕ್ಕಿಂತ ವಾರಗಳ ಮುಂಚಿನದಾಗಿರಬಹುದು, ಗಾಬರಿ ಬೇಡ. ಮೂರನೆಯದು ನಿಮಗೆ ಸಿಕ್ಕಿರುವ ಪೊಲೀಸ್ ಪುಸ್ತಕದ ಸಾಲು. ಚರ್ಚಿನ ಪುಸ್ತಕದ ಹುಟ್ಟಿದ ದಿನಕ್ಕೆ ಜನಗಣತಿಯ ಹುಟ್ಟಿದ ವರ್ಷ, ಪೊಲೀಸ್ ಪುಸ್ತಕದ ವಯಸ್ಸು ಹೊಂದಿದರೆ ನಂಬಬಹುದು. ಬರೀ ಹೆಸರು ಹೊಂದಿದರೆ ಸಾಲದು, ಒಂದೇ ಊರಿನಲ್ಲಿ ಅದೇ ಹೆಸರಿನವರು ನಾಲ್ಕು ಜನ ಇರ್ತಾರೆ.

1882 ವಲಸೆ ಉತ್ತುಂಗದಲ್ಲಿದ್ದ ವರ್ಷ. ಆ ಒಂದೇ ವರ್ಷ 28 ಸಾವಿರಕ್ಕೂ ಹೆಚ್ಚು ಜನ ನಾರ್ವೆ ಬಿಟ್ಟರು. ಅದಕ್ಕೇ ಅವಸರ ಮಾಡಬೇಡಿ ಅಂತ ಹೇಳ್ತಿರೋದು.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದ. ಮೂಲ ಪುಟ ತೆರೆದೆ, ಲೈನ್ ಜಾಗದಲ್ಲಿ 'ಅಲನ್' ಅಂತಿದೆ. ಇನ್ನೊಂದು ಗೊಂದಲ. ಪೌರತ್ವಕ್ಕಾಗಿ ಅವರು ಕೊಟ್ಟ ಮೊದಲ ಘೋಷಣೆಯಲ್ಲಿ ಬಂದಿಳಿದ ಬಂದರು 'ಪೋರ್ಟ್ ಹ್ಯೂರಾನ್' ಅಂತ ಬರೆದಿದೆ. ಅದು ಮಿಷಿಗನ್‌ನಲ್ಲಿದೆ, ಸಮುದ್ರವೇ ಇಲ್ಲವಲ್ಲ?

ಉತ್ತರ 1

ಈಗ ಗಂಟು ಬಿಚ್ಚಿಕೊಂಡಿತು ನೋಡಿ. ಅಲನ್ ಲೈನ್ ಅಂದರೆ ಹೆಚ್ಚಾಗಿ ಕೆನಡಾದ ಕ್ವಿಬೆಕ್. ಅಲ್ಲಿಳಿದವರು ಗ್ರ್ಯಾಂಡ್ ಟ್ರಂಕ್ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟು, ಕೆನಡಾ ಗಡಿಯ ಸಾರ್ನಿಯಾದಲ್ಲಿ ಸೇಂಟ್ ಕ್ಲೇರ್ ನದಿಯನ್ನು ಫೆರಿಯಲ್ಲಿ ದಾಟಿ, ಅಮೆರಿಕದ ನೆಲಕ್ಕೆ ಕಾಲಿಟ್ಟದ್ದು ಪೋರ್ಟ್ ಹ್ಯೂರಾನ್‌ನಲ್ಲಿ. ನದಿಯ ಕೆಳಗಿನ ಸುರಂಗ ಆದದ್ದು 1891ರಲ್ಲಿ. 'ಅಮೆರಿಕಕ್ಕೆ ಎಲ್ಲಿ ಬಂದಿರಿ' ಅಂತ ಕೋರ್ಟ್ ಕೇಳಿದ್ದಕ್ಕೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ. ಹ್ಯೂರಾನ್‌ನಲ್ಲಿ ಹಡಗು ಹುಡುಕಬೇಡಿ.

ನೋಡಬೇಕಾದದ್ದು ಕ್ವಿಬೆಕ್ ಲಿಸ್ಟ್‌ಗಳನ್ನು, ಮೇ ಕೊನೆಯಿಂದ ಜೂನ್ ಮಧ್ಯದವರೆಗೆ. ಕೆನಡಾದಲ್ಲಿ ಈ ಲಿಸ್ಟ್‌ಗಳು 1865ರಿಂದ ಉಳಿದಿವೆ, 1881ರ ನಂತರದ್ದನ್ನು ಫ್ಯಾಮಿಲಿಸರ್ಚ್‌ನಲ್ಲಿ ಹೆಸರು ಹಾಕಿಯೇ ಹುಡುಕಬಹುದು. ಆಗ ಅಲನ್‌ನವರ ದೊಡ್ಡ ಹಡಗುಗಳು ಪ್ಯಾರಿಸಿಯನ್, ಸಾರ್ಡಿನಿಯನ್, ಪಾಲಿನೇಷಿಯನ್, ಸಾರ್ಮೇಷಿಯನ್. ಚಳಿಗಾಲವಾಗಿದ್ದರೆ ಸೇಂಟ್ ಲಾರೆನ್ಸ್ ನದಿ ಹೆಪ್ಪುಗಟ್ಟಿರುತ್ತಿತ್ತು, ಆಗ ಹ್ಯಾಲಿಫ್ಯಾಕ್ಸ್ ಅಥವಾ ಮೇಯ್ನ್ ರಾಜ್ಯದ ಪೋರ್ಟ್‌ಲ್ಯಾಂಡ್ ನೋಡಬೇಕಿತ್ತು. ಮೇ ತಿಂಗಳಾದ್ದರಿಂದ ಅದು ಬೇಡ.

ಹೆಸರಿನಲ್ಲಿ ಸಿಗದಿದ್ದರೆ ಒಂದು ಉಪಾಯ. ಪೊಲೀಸ್ ಪುಸ್ತಕದ ಅದೇ ಪುಟದಲ್ಲಿ ಅದೇ ದಿನ ಅಲನ್ ಲೈನ್‌ನಲ್ಲೇ ಹೊರಟ ರಿಂಗೆಬುವಿನ ಆಸುಪಾಸಿನ ಐದಾರು ಜನರನ್ನು ಬರೆದುಕೊಳ್ಳಿ. ಅವರಲ್ಲಿ ಅಪರೂಪದ ಹೆಸರಿನವರು, ಅಥವಾ ಹೆಂಡತಿ ಮಕ್ಕಳ ಸಮೇತ ಹೊರಟವರು ಇದ್ದರೆ ಅವರನ್ನು ಹುಡುಕಿ. ಗಂಡ 35, ಹೆಂಡತಿ 33, ಮಕ್ಕಳು 8, 5, 2 ಹೀಗೆ ವಯಸ್ಸಿನ ಸರಣಿ ಹೊಂದಿದರೆ ಹೆಸರು ಎಷ್ಟೇ ಕೆಟ್ಟಿದ್ದರೂ ಗೊತ್ತಾಗುತ್ತದೆ. ಊರಿನವರು ಗುಂಪಾಗಿ ಹೋಗುತ್ತಿದ್ದರು, ಆ ಕುಟುಂಬದ ಹಡಗೇ ಹೆಚ್ಚಾಗಿ ನಿಮ್ಮವರ ಹಡಗೂ ಆಗಿರುತ್ತದೆ. ಒಂಟಿ ಗಂಡಸರನ್ನು ಬೇರೆ ಪುಟಗಳಲ್ಲಿ ಬರೆದಿದ್ದರೂ ಬರೆದಿರಬಹುದು, ಹಾಗಾಗಿ ಕುಟುಂಬ ಸಿಕ್ಕ ಪುಟದಲ್ಲೇ ನಿಲ್ಲದೆ ಆ ಹಡಗಿನ ಲಿಸ್ಟ್ ಮೊದಲಿಂದ ಕೊನೆಯವರೆಗೆ ಓದಿ. ಲಿಸ್ಟ್ ಬರೆದವರು ಹಡಗು ಕಂಪನಿಯವರು, ಕಿವಿಗೆ ಬಿದ್ದ ಹಾಗೆ ಇಂಗ್ಲಿಷ್‌ನಲ್ಲಿ ಬರೆದಿದ್ದಾರೆ. ಜಮೀನಿನ ಹೆಸರು ಅಲ್ಲಿ ಸಾಮಾನ್ಯವಾಗಿ ಇರೋದಿಲ್ಲ.

ಗಡಿ ದಾಟಿದ ದಾಖಲೆ ಹುಡುಕಲು ಹೋಗಬೇಡಿ. ಕೆನಡಾ ಗಡಿಯ ಸೇಂಟ್ ಆಲ್ಬನ್ಸ್ ದಾಖಲೆಗಳು ಶುರುವಾದದ್ದೇ 1895ರಲ್ಲಿ.

ಉತ್ತರ 3

ಇದೇ ಎಳೆ ಓದುವ ಬೇರೆಯವರಿಗಾಗಿ ಒಂದು ಮಾತು. ಪೂರ್ವಜರು ಸ್ಟಾವಾಂಗರ್‌ನಿಂದ ಹೊರಟವರಾದರೆ ಹತ್ತೊಂಬತ್ತನೇ ಶತಮಾನದ ಪೊಲೀಸ್ ಪುಸ್ತಕಗಳು ಉಳಿದಿಲ್ಲ, ಚರ್ಚಿನ ಪಟ್ಟಿಯೇ ಗತಿ. ಬರ್ಗೆನ್‌ನದ್ದು 1874ರಿಂದ ಇದೆ. 1850ರಿಂದ 1865ರೊಳಗೆ ಹಾಯಿ ಹಡಗಿನಲ್ಲಿ ಕ್ವಿಬೆಕ್‌ಗೆ ಹೋದವರಿಗೆ ಎರಡೂ ಕಡೆ ಸರ್ಕಾರಿ ಲಿಸ್ಟ್ ಸಿಗುವುದು ಕಷ್ಟ. ಅಂಥವರಿಗೆ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ನಾರ್ವೇಜಿಯನ್ ಅಮೆರಿಕನ್ ಜೀನಿಯಾಲಾಜಿಕಲ್ ಸೆಂಟರ್‌ನವರನ್ನು ಕೇಳಿ. ಅಮೆರಿಕದ ಲುಥರನ್ ಚರ್ಚ್ ಪುಸ್ತಕಗಳಲ್ಲಿ ಎಷ್ಟೋ ಸಲ ಹುಟ್ಟೂರು ಬರೆದಿರುತ್ತದೆ, ಮೊದಲು ಅದನ್ನು ಹಿಡಿಯಿರಿ. ಹುಟ್ಟೂರು ಗೊತ್ತಾಗದೆ ಹಡಗು ಹುಡುಕಲು ಕೂತರೆ ತಿಂಗಳುಗಟ್ಟಲೆ ಹೋಗುತ್ತದೆ.